ಮನೆಗೆಲಸದ ಹೆಣ್ಣುಮಕ್ಕಳಿಗೂ ಒಂದು ಚಿತ್ರಸಂತೆ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಜೋಶುವಾ ರೆನಾಲ್ಡ್ಸ್ 1765ರ ಸುಮಾರಿಗೆ ಬರೆದ ಜಾರ್ಜ್ ಕ್ಲೈವ್ ಕುಟುಂಬದ ಚಿತ್ರ ಈಗ ಬರ್ಲಿನ್ನಿನಲ್ಲಿದೆ. ಅದರಲ್ಲಿ ಪುಟ್ಟ ಹುಡುಗಿಯನ್ನು ಹಿಡಿದುಕೊಂಡು ನಮ್ಮ ದೇಶದ ಆಯಾ ಒಬ್ಬಳಿದ್ದಾಳೆ. ಆಕೆಯ ಮುಖವನ್ನು ಎಷ್ಟು ಗಮನವಿಟ್ಟು ಬರೆದಿದ್ದಾರೆ! ಆದರೆ ಚಿತ್ರದ ಹೆಸರಿನಲ್ಲಿ ಆಕೆ ಬರೀ ‘ಭಾರತದ ಕೆಲಸದವಳು’.

ಇಂಥ ಎಷ್ಟೋ ಆಯಾಗಳನ್ನು ಬ್ರಿಟಿಷ್ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕರೆದೊಯ್ದವು. ಲಂಡನ್ ತಲುಪಿದ ಮೇಲೆ ಕೆಲವರನ್ನು ವಾಪಸ್ ಟಿಕೆಟ್ ಕೂಡ ಕೊಡದೆ ಕೈಬಿಟ್ಟರು. ಅಂಥವರು ತಂಗುತ್ತಿದ್ದ, ಲಂಡನ್ನಿನ ಹ್ಯಾಕ್ನಿ ಪ್ರದೇಶದ ‘ಆಯಾಗಳ ಮನೆ’ಗೆ 2022ರಲ್ಲಿ ನೀಲಿ ಸ್ಮಾರಕ ಫಲಕ ಸಿಕ್ಕಿತು. ಲಂಡನ್ನಿನ ಮಹಿಳೆಯೊಬ್ಬರು ಬೆನ್ನು ಹತ್ತಿ ಕೇಳಿದ್ದರಿಂದ ಆದದ್ದು ಅದು.

ನಮ್ಮಲ್ಲೂ ಹಾಗೆ ಕೇಳಬೇಕಲ್ವಾ? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು. ಅದರ ಹಿಂದೆ ಪಾತ್ರೆ ತೊಳೆದು, ನೆಲ ಒರೆಸಿ, ಸಂಜೆ ಸಂಘದ ಸಭೆಗೆ ಬಂದ ಹೆಂಗಸರ ಹೋರಾಟವಿದೆ. ಅವರ ಚಿತ್ರ ನಮ್ಮ ಯಾವ ಗೋಡೆಯ ಮೇಲಿದೆ?

ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಬೀದಿಯಲ್ಲಿ ನಡೆಸುವ ಕಲಾ ಮಾರಾಟ ಮೇಳ ಚಿತ್ರಸಂತೆಯನ್ನು 2024ರಲ್ಲಿ ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಿಸಿತ್ತು. ತುಂಬಾ ಒಳ್ಳೆಯ ಕೆಲಸ. ಮುಂದೊಂದು ವರ್ಷ ಮನೆಗೆಲಸದ ಹೆಣ್ಣುಮಕ್ಕಳಿಗೆ ಅರ್ಪಿಸಲಿ. ಸುಮ್ನೆ ಪೊರಕೆ ಹಿಡಿದ ಬಡವಿಯ ಚಿತ್ರ ಬೇಡ. ಕಲಾವಿದರು ಅವರ ಜೊತೆ ಕೂತು ಮಾತಾಡಲಿ, ಒಪ್ಪಿಗೆ ಪಡೆದು ಬರೆಯಲಿ. ಒಪ್ಪಿದವರ ಹೆಸರು, ಊರು, ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ ಅನ್ನುವುದನ್ನು ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ಹಾಕಲಿ.

– ಓದುಗಿ, ಬೆಂಗಳೂರು