ತಪಾಸಣೆಗೆ ರಾತ್ರಿ ಬನ್ನಿ: ವೃದ್ಧಾಶ್ರಮಗಳ ಆರೈಕೆ ಕುರಿತು ಸಚಿವರಿಗೆ ಬಹಿರಂಗ ಪತ್ರ

ಹಿರಿಯ ನಾಗರಿಕರ ಸಬಲೀಕರಣ ಖಾತೆಯ ಮಾನ್ಯ ಸಚಿವರಿಗೆ,

ವಂದನೆಗಳು.

ವೃದ್ಧಾಶ್ರಮದ ತಪಾಸಣೆ ಹೇಗೆ ನಡೆಯುತ್ತದೆ ಎಂಬುದು ಬಲ್ಲವರಿಗೆಲ್ಲ ಗೊತ್ತು. ಬರುವ ದಿನ ಮೊದಲೇ ತಿಳಿದಿರುತ್ತದೆ. ಹಿಂದಿನ ಸಂಜೆ ಫಿನೈಲ್ ಹಾಕಿ ನೆಲ ಒರೆಸುತ್ತಾರೆ, ಬೀರುವಿನಲ್ಲಿದ್ದ ಹೊಸ ಬೆಡ್‌ಶೀಟುಗಳು ಹೊರಬರುತ್ತವೆ, ನಡೆಯಬಲ್ಲವರನ್ನು ಹಜಾರದಲ್ಲಿ ಸಾಲಾಗಿ ಕೂರಿಸುತ್ತಾರೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಂದವರು ಬೆಂಕಿ ನಂದಿಸುವ ಸಿಲಿಂಡರು, ಸಿಸಿಟಿವಿ, ಅಡುಗೆಮನೆ, ಶೌಚಾಲಯ, ಹಾಜರಿ ಪುಸ್ತಕ ಎಲ್ಲವನ್ನೂ ನೋಡಿ, ಕಾಫಿ ಕುಡಿದು, ಸಹಿ ಹಾಕಿ ಹೊರಡುತ್ತಾರೆ. ಹಾಸಿಗೆ ಹಿಡಿದವರ ಹೊದಿಕೆಯನ್ನು ಸರಿಸಿ ನೋಡುವವರಿಲ್ಲ. ನನ್ನ ತಕರಾರು ಇಷ್ಟೇ: ಆರೈಕೆ ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿರುವವರ ಮೈ ನೋಡಬೇಕು, ಕಟ್ಟಡವನ್ನಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ನಮ್ಮ ದೊಡ್ಡಮ್ಮನಿಗೆ ಜಾಗ ಹುಡುಕುವಾಗ, ಆಮೇಲೆ ಪರಿಚಯದವರ ಜೊತೆಗೆ, ಹಲವು ಆಶ್ರಮಗಳ ಒಳಹೊಕ್ಕು ನೋಡಿದ್ದೇನೆ. ಅವುಗಳಲ್ಲಿ ಎರಡನ್ನು ನಿಮಗೆ ತೋರಿಸಬೇಕು. ಹೆಸರು ಹೇಳುವುದಿಲ್ಲ, ಅಂಥವು ಎಲ್ಲ ಊರುಗಳಲ್ಲೂ ಇವೆ.

ಮೊದಲನೆಯದಕ್ಕೆ ಗ್ರಾನೈಟ್ ನೆಲ, ಲಿಫ್ಟ್, ಬಾಗಿಲಲ್ಲಿ ಸ್ವಾಗತಿಸಲು ಸೀರೆಯುಟ್ಟ ಹುಡುಗಿ. ತಿಂಗಳ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಒಬ್ಬ ಅಜ್ಜಿಯ ಮಂಚದ ಕಾಲಿಗೆ ರಕ್ತದೊತ್ತಡದ ಚಾರ್ಟು ತೂಗುಹಾಕಿದ್ದರು. ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ 120/80. ಒಂದೇ ಪೆನ್ನು, ಒಂದೇ ಕೈಬರಹ. ಪಕ್ಕದ ಮಂಚದವರಿಗೂ 120/80. ಎಂಬತ್ತು ದಾಟಿದ ಇಬ್ಬರಿಗೆ ತಿಂಗಳುಗಟ್ಟಲೆ ಒಂದು ಅಂಕಿಯೂ ಅತ್ತಿತ್ತ ಆಗದ ಒತ್ತಡವನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿಲ್ಲ. ಕರೆಗಂಟೆಯ ವೈರನ್ನು ಕೈಗೆ ಎಟುಕದಂತೆ ಮೇಲಿನ ಕಂಬಿಗೆ ಸುತ್ತಿಟ್ಟಿದ್ದರು. ನೀರಿನ ಜಗ್ಗು ಕೋಣೆಯ ಆಚೆ ತುದಿಯ ಮೇಜಿನ ಮೇಲಿತ್ತು. ಸಂಜೆಯ ಮೇಲೆ ನೀರು ಕೊಟ್ಟರೆ ರಾತ್ರಿ ಡೈಪರ್ ಬದಲಿಸಬೇಕಾಗುತ್ತದಲ್ಲ! ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಕೆಳಗೆ, ಬಾಲಮೂಳೆಯ ಮೇಲೆ, ಅಂಗೈ ಅಗಲದ ಹುಣ್ಣು. ವಾಸನೆ ಬಾರದಿರಲೆಂದು ಮೇಲೆ ಪೌಡರ್ ಉದುರಿಸಿದ್ದರು.

ಎರಡನೆಯದು ಶೀಟಿನ ಮಾಡಿನ ಕೆಳಗಿದೆ. ಗೋಡೆ ಬಣ್ಣ ಕಂಡು ಎಷ್ಟು ವರ್ಷವಾಗಿದೆಯೋ. ನಾಲ್ಕಾರು ಹೆಂಗಸರು ಸೇರಿ ನಡೆಸುತ್ತಾರೆ. ಅಲ್ಲಿ ಮಂಚದ ತಲೆಯ ಬಳಿ ಶಾಲೆಯ ಸ್ಲೇಟು. ಅದರಲ್ಲಿ ಸೀಮೆಸುಣ್ಣದಿಂದ ‘10 ಎಡ, 12 ಬಲ, 2 ಎಡ’ ಎಂದು ಬರೆದಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಲೆಕ್ಕ ಅದು. ಹಿಮ್ಮಡಿ ಹಾಸಿಗೆಗೆ ತಾಗದಂತೆ, ಹಳೆಯ ಸೀರೆ ತುಂಬಿ ಹೊಲಿದ ದಿಂಬನ್ನು ಮೀನಖಂಡದ ಕೆಳಗೆ ಇಟ್ಟಿದ್ದರು. ಉಗ್ರಾಣದಲ್ಲಿ ಅಕ್ಕಿ ಮೂಟೆಯ ಪಕ್ಕ ತೂಕದ ಯಂತ್ರ, ಗೋಡೆಯ ಮೇಲೆ ಪ್ರತಿಯೊಬ್ಬರ ತಿಂಗಳ ತೂಕ. ಹಾಸಿಗೆ ಹಿಡಿದು ವರ್ಷಗಳಾದವರ ಬೆನ್ನು ನೋಡಿದೆ, ಒಂದು ಕೆಂಪು ಕಲೆಯೂ ಇರಲಿಲ್ಲ.

ಕಟ್ಟಡ ನೋಡಿ ಅಂಕ ಕೊಡುವ ನಮೂನೆಯಲ್ಲಿ ಈ ಎರಡರಲ್ಲಿ ಯಾವುದು ತೇರ್ಗಡೆಯಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಹಿರಿಯ ನಾಗರಿಕರ ಕಾಯ್ದೆಗೆಂದು ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಅನುಬಂಧವನ್ನೇ ನೋಡಿ: ಮಲಗುವ ಜಾಗ ಒಬ್ಬರಿಗೆ 7.5 ಚದರ ಮೀಟರ್ ಇರಬೇಕು ಎಂದು ಅಳತೆ ಕೊಡುತ್ತದೆ. ಇರಲಿ, ಜಾಗವೂ ಬೇಕು. ಆದರೆ ಆ ಜಾಗದಲ್ಲಿ ಮಲಗಿದವರನ್ನು ರಾತ್ರಿ ಯಾರು ಹೊರಳಿಸುತ್ತಾರೆ ಎಂಬುದನ್ನು ಟೇಪು ಹಿಡಿದು ಅಳೆಯಲಾಗುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ದೊಡ್ಡ ವಿದ್ಯೆಯೇನೂ ಬೇಡ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಈ ಮೂರು ಕಡೆ ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಒತ್ತಿದರೂ ಕೆಂಪಾಗಿಯೇ ಇದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಬಣ್ಣ ನಂಬುವಂತಿಲ್ಲ; ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಕೊನೆಯ ದಿನಗಳಲ್ಲಿರುವವರಿಗೆ ಎಷ್ಟು ಜೋಪಾನ ಮಾಡಿದರೂ ಒಮ್ಮೊಮ್ಮೆ ಹುಣ್ಣಾಗುತ್ತದೆ, ಒಪ್ಪುತ್ತೇನೆ. ಆದರೆ ಒಂದೇ ಕೊಠಡಿಯಲ್ಲಿ ಮೂರು ನಾಲ್ಕು ಜನರಿಗೆ ಹುಣ್ಣಿದ್ದರೆ ಅದು ವಯಸ್ಸಿನ ದೋಷವಲ್ಲ.

ಆಮೇಲೆ ತೂಕ. ಆರು ತಿಂಗಳಲ್ಲಿ ಮೈತೂಕದ ಹತ್ತನೇ ಒಂದು ಪಾಲು ಇಳಿದಿದ್ದರೆ ವೈದ್ಯರು ಅದನ್ನು ಗಂಭೀರವೆಂದೇ ಎಣಿಸುತ್ತಾರೆ. ಆಶ್ರಮದಲ್ಲಿ ತೂಕದ ಯಂತ್ರವೇ ಇಲ್ಲದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ, ಎಲ್ಲರಿಗೂ ನೆಮ್ಮದಿ. ಊಟದ ಹೊತ್ತನ್ನೂ ಕೇಳಿ. ಅಡುಗೆಯವರು ಬೇಗ ಹೊರಡಲೆಂದು ಸಂಜೆ ಆರಕ್ಕೇ ರಾತ್ರಿಯ ಊಟ ಮುಗಿಸುವ ಆಶ್ರಮಗಳಿವೆ. ಮರುದಿನ ಉಪ್ಪಿಟ್ಟು ಕಾಣುವುದು ಎಂಟೂವರೆಗೆ. ನಡುವೆ ಹದಿನಾಲ್ಕೂವರೆ ಗಂಟೆ, ಅದೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ. ಅಮೆರಿಕದ ನರ್ಸಿಂಗ್ ಹೋಮ್ ನಿಯಮ ಈ ಅಂತರ ಸಾಮಾನ್ಯವಾಗಿ 14 ಗಂಟೆ ಮೀರಬಾರದು ಎನ್ನುತ್ತದೆ. ನಮ್ಮಲ್ಲಿ ಇದನ್ನು ಕೇಳುವವರೇ ಇಲ್ಲ.

ಇನ್ನು ನಿದ್ದೆ ಬರಿಸುವ ಮಾತ್ರೆಗಳು. ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಓಡಾಡುತ್ತಾರೆ, ಕೂಗುತ್ತಾರೆ. ಒಬ್ಬಳೇ ಆಯಾ ಇಡೀ ಮಹಡಿ ನೋಡಿಕೊಳ್ಳಬೇಕಾದಲ್ಲಿ ಮಾತ್ರೆಯೇ ಎರಡನೆಯ ಆಯಾ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಇಂಥ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ತಪಾಸಣೆಗೆ ಹೋದವರು ಔಷಧದ ಡಬ್ಬಿ ತೆರೆಸಬೇಕು. ಯಾರಿಗೆ ಯಾವ ಮಾತ್ರೆ, ಬರೆದುಕೊಟ್ಟ ವೈದ್ಯರು ಯಾರು, ಚೀಟಿ ಎಲ್ಲಿ? ಮಧ್ಯಾಹ್ನ ಮೂರು ಗಂಟೆಗೆ ಹಜಾರದ ತುಂಬ ತೂಕಡಿಸುತ್ತಿರುವ ಜನರನ್ನು ಕಂಡು ‘ಎಷ್ಟು ಶಾಂತವಾಗಿದ್ದಾರೆ’ ಎಂದು ಮೆಚ್ಚಿ ಬರಬಾರದು.

ಆಯಾಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಹನ್ನೆರಡು ಗಂಟೆಯ ಪಾಳಿ, ತರಬೇತಿ ಇಲ್ಲ, ಕೈಗೆ ಬರುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಒಬ್ಬರನ್ನು ಹೊರಳಿಸಲು ಇಬ್ಬರು ಬೇಕು. ರಾತ್ರಿ ಇರುವವಳು ಒಬ್ಬಳು. ಅವಳು ಮನುಷ್ಯಳು, ಯಂತ್ರವಲ್ಲ. ರಾತ್ರಿಪಾಳಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಒಂದು ಸಂಖ್ಯೆ ಆಶ್ರಮದ ಬಗ್ಗೆ ಬಣ್ಣದ ಕೈಪಿಡಿಗಿಂತ ಹೆಚ್ಚು ಹೇಳುತ್ತದೆ. ಆದರೆ ಅದನ್ನು ಆಶ್ರಮದವರ ಬಾಯಿಂದ ಕೇಳಬೇಡಿ. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಮ್‌ಗಳಿಗೆ ನಕ್ಷತ್ರ ಕೊಟ್ಟು ದರ್ಜೆ ನಿಗದಿ ಮಾಡುತ್ತಾರೆ. ಮೊದಲು ಸಿಬ್ಬಂದಿಯ ಲೆಕ್ಕವನ್ನು ಅವರವರೇ ಹೇಳಿಕೊಂಡಂತೆ ನಂಬಿದರು. ಆ ಲೆಕ್ಕ ನಂಬುವಂತಿಲ್ಲ ಎಂದಾದ ಮೇಲೆ 2018ರಿಂದ ಸಂಬಳ ಪಾವತಿಯ ದಾಖಲೆಯನ್ನೇ ಆಧಾರ ಮಾಡಿಕೊಂಡರು. ನಮ್ಮಲ್ಲೂ ಭವಿಷ್ಯನಿಧಿ ಮತ್ತು ಇಎಸ್ಐ ದಾಖಲೆಗಳಿವೆ. ಹಾಜರಿ ಪುಸ್ತಕದಲ್ಲಿ ಎಂಟು ಹೆಸರು, ಇಎಸ್ಐ ಕಟ್ಟಿದ್ದು ಮೂವರಿಗೆ ಎಂದಾದರೆ ವಿಷಯ ಅಲ್ಲಿಗೇ ಬಯಲಾಗುತ್ತದೆ.

ಅಲ್ಲಿರುವವರನ್ನು ಮಾತನಾಡಿಸುವುದೂ ಒಂದು ಕಲೆ. ವ್ಯವಸ್ಥಾಪಕರು ಪಕ್ಕದಲ್ಲಿ ನಿಂತಿದ್ದಾಗ ‘ಹೇಗಿದ್ದೀರಿ ಅಜ್ಜಿ’ ಎಂದರೆ ‘ದೇವರ ದಯೆಯಿಂದ ಚೆನ್ನಾಗಿದ್ದೇವಪ್ಪ’ ಎಂಬ ಉತ್ತರ ಬರುತ್ತದೆ. ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು, ‘ಕೊನೆಯ ಸಲ ತಲೆಗೆ ಸ್ನಾನ ಯಾವಾಗ ಆಯಿತು, ಹಲ್ಲಿನ ಸೆಟ್ಟು ನಿಮ್ಮದೇನಾ, ರಾತ್ರಿ ಕರೆದರೆ ಯಾರು ಬರುತ್ತಾರೆ’ ಎಂದು ಕೇಳಿ ನೋಡಿ. ಮನೆಯವರ ಬಾಯಿಯೂ ಕಟ್ಟಿರುತ್ತದೆ. ಮಗ ಹೊರದೇಶದಲ್ಲಿ, ಮಗಳು ಬಾಡಿಗೆಯ ಸಣ್ಣ ಮನೆಯಲ್ಲಿ. ದೂರಿದರೆ ‘ಸರಿ, ಕರೆದುಕೊಂಡು ಹೋಗಿ’ ಎಂದುಬಿಟ್ಟಾರು ಎಂಬ ಭಯ. ಕಟ್ಟಿದ ಠೇವಣಿಯೂ ಅವರ ಕೈಯಲ್ಲೇ ಇರುತ್ತದೆ. 14567 ಎಂಬ ಹಿರಿಯರ ಸಹಾಯವಾಣಿ ಇದೆ, ಒಳ್ಳೆಯದು. ಆದರೆ ಕರೆಗಂಟೆಯೇ ಕೈಗೆ ಸಿಗದವರಿಗೆ ಫೋನು ಸಿಗುವುದೆಲ್ಲಿಂದ?

ಇಲ್ಲೊಂದು ಮಾತು ದಾನಿಗಳಿಗೆ. ಹುಟ್ಟುಹಬ್ಬಕ್ಕೆ, ತಿಥಿಗೆ, ಪಿತೃಪಕ್ಷಕ್ಕೆ ಆಶ್ರಮಗಳಿಗೆ ಹೋಳಿಗೆ ಊಟ ಹಾಕಿಸಿ ಫೋಟೋ ತೆಗೆಸಿಕೊಂಡು ಹೋಗುವವರು ಒಮ್ಮೆ ಯಾವುದಾದರೂ ಸಾಮಾನ್ಯ ಮಂಗಳವಾರದ ಸಾರಿನಲ್ಲಿ ಬೇಳೆ ಇದೆಯೇ ಎಂದು ನೋಡಿ ಬನ್ನಿ.

ಮಾನ್ಯರೇ, ಇದಕ್ಕೆಲ್ಲ ಕಾನೂನು ಇಲ್ಲ ಎಂದು ಅಧಿಕಾರಿಗಳು ನಿಮಗೆ ಹೇಳಬಹುದು. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ, ನಮ್ಮ ರಾಜ್ಯದ ನಿಯಮಗಳು 2009ರಲ್ಲಿ. ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ಹಿಂದಕ್ಕೆ ಪಡೆಯಲು ನೆರವಾಗುವ 23ನೇ ಕಲಮು ಆಗಾಗ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ; 19ನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಸಾಲುವಷ್ಟು ದೊಡ್ಡ ಆಶ್ರಮ ಎಂಬ ಮಾತು ಅದರಲ್ಲಿದೆ. ಆಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸಿ, ಅಲ್ಲಿನ ಸೇವೆಯ ಗುಣಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿರುವುದೂ ಅದೇ ಕಲಮು. ಖಾಸಗಿ ಆರೈಕೆ ಮನೆಗಳ ನೋಂದಣಿ ಕಡ್ಡಾಯವಾಗಲಿ ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, ಕೊನೆಗೆ ಆ ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯಿತು. ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನು ರಾಜ್ಯಗಳಿಂದ ತರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಕೇಂದ್ರಕ್ಕೆ ಹೇಳಿತ್ತು. ದೆಹಲಿಯ ದಾರಿ ಕಾಯುವುದಾದರೆ ಕಾಯುತ್ತಲೇ ಇರಬೇಕು. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಅವರಿಗೆ ಅಷ್ಟು ಪುರುಸೊತ್ತಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಮೊದಲು ಎಲ್ಲ ಆಶ್ರಮಗಳ, ಅನುದಾನ ಪಡೆಯದವುಗಳದ್ದೂ ಸೇರಿಸಿ, ಜಿಲ್ಲಾವಾರು ಪಟ್ಟಿ ಪ್ರಕಟಿಸಿ. ಮುನ್ಸೂಚನೆ ಇಲ್ಲದ ತಪಾಸಣೆ ನಡೆಯಲಿ, ಅದರಲ್ಲಿ ಒಂದಾದರೂ ರಾತ್ರಿ ಹತ್ತರ ಮೇಲೆ. ತಂಡದಲ್ಲಿ ಹೊದಿಕೆ ಸರಿಸಿ ನೋಡಲು ಬಲ್ಲ ಒಬ್ಬ ಶುಶ್ರೂಷಕಿ ಇರಲೇಬೇಕು; ಮೈ ತೋರಿಸಲು ಒಪ್ಪಿದವರನ್ನು ಪರದೆ ಎಳೆದು ಮರ್ಯಾದೆಯಿಂದ ನೋಡಬೇಕು. ವರದಿ ಕಡತ ಸೇರದೆ ಆಶ್ರಮದ ಬಾಗಿಲಿಗೆ ಬರಲಿ. ಇಂಗ್ಲೆಂಡ್‌ನಲ್ಲಿ ಆರೈಕೆ ಮನೆಗಳ ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಕೊಟ್ಟ ದರ್ಜೆಯನ್ನು ಬಂದವರಿಗೆ ಕಾಣುವಂತೆ ತೂಗುಹಾಕುವುದು ಕಡ್ಡಾಯ. ನಮ್ಮ ದರ್ಶಿನಿ ಹೋಟೆಲಿನ ಗೋಡೆಯ ಮೇಲೂ ಆಹಾರ ಸುರಕ್ಷತಾ ಪರವಾನಗಿ ನೇತಾಡುತ್ತಿರುತ್ತದೆ. ಎರಡು ಇಡ್ಲಿ ತಿಂದು ಏಳುವವರಿಗೆ ಸಿಗುವಷ್ಟು ಮಾಹಿತಿ ತಾಯಿಯನ್ನು ಬಿಟ್ಟುಹೋಗುವವರಿಗೂ ಸಿಗಲಿ. ತಪ್ಪು ಕಂಡಲ್ಲಿ ಕೂಡಲೇ ಬೀಗ ಹಾಕಬೇಡಿ. ಮುಚ್ಚಿದರೆ ಬೀದಿಗೆ ಬೀಳುವವರು ಅದೇ ಅಜ್ಜ ಅಜ್ಜಿಯರು. ಗಡುವು ಕೊಟ್ಟು, ತಿದ್ದಿಸಿ, ಮತ್ತೆ ಹೋಗಿ ನೋಡಬೇಕು.

ಸಿಬ್ಬಂದಿ ಕೊರತೆ ಎಂಬ ಉತ್ತರ ಬರುತ್ತದೆ ಎಂದು ಗೊತ್ತಿರುವುದರಿಂದ ಒಂದು ದಾರಿಯನ್ನೂ ಹೇಳುತ್ತೇನೆ. ಪ್ರತಿ ಜಿಲ್ಲೆಯಲ್ಲಿ ನನ್ನಂಥ ನಿವೃತ್ತ ಶುಶ್ರೂಷಕಿಯರಿದ್ದಾರೆ. ರಾತ್ರಿಪಾಳಿ ನಮಗೆ ಹೊಸದಲ್ಲ, ಹುಣ್ಣು ನೋಡಿ ಮುಖ ತಿರುಗಿಸುವವರೂ ನಾವಲ್ಲ. ಮೈಸೂರು ಜಿಲ್ಲೆಯಿಂದಲೇ ಶುರು ಮಾಡುವುದಾದರೆ ನಾನು ಬರುತ್ತೇನೆ. ಗೌರವಧನ ಬೇಡ. ಬಸ್ಸಿನ ಖರ್ಚಿಗೆ ನಿಮ್ಮದೇ ಸರ್ಕಾರದ ಶಕ್ತಿ ಯೋಜನೆ ಇದೆ. ಗೇಟಿನಲ್ಲಿ ತೋರಿಸಲು ಇಲಾಖೆಯ ಮೊಹರಿರುವ ಒಂದು ಅಧಿಕಾರಪತ್ರ ಕೊಡಿಸಿ.

ಇಂತಿ ವಿಶ್ವಾಸದ,
ನಿವೃತ್ತ ಶುಶ್ರೂಷಕಿ, ಮೈಸೂರು