ಸಮಾನ ಅವಕಾಶ ನೀತಿ ಯಾರ ಬಳಿ ಇದೆ, ಯಾರ ಬಳಿ ಇಲ್ಲ? ಪಟ್ಟಿ ಪ್ರಕಟಿಸಿ: ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನಾನು ಹುಬ್ಬಳ್ಳಿಯವಳು, ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳು ಬಿ.ಕಾಂ. ಓದಿದ್ದಾಳೆ, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಕಲಿತಿದ್ದಾಳೆ, ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಇದೆ, ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರೂ ಇದೆ. ಕೆಲಸ ಮಾತ್ರ ಇಲ್ಲ. ಅವಳೊಬ್ಬಳಿಗೆ ನೌಕರಿ ಕೊಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 21ನೇ ಕಲಮಿನಂತೆ ಸಮಾನ ಅವಕಾಶ ನೀತಿಯನ್ನು ನೋಂದಾಯಿಸಿರುವ ಸಂಸ್ಥೆಗಳು ನಮ್ಮ ರಾಜ್ಯದಲ್ಲಿ ಯಾವುವು ಎಂಬ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಬೇಕು, ನೋಂದಾಯಿಸದವರಿಗೆ ನೋಟಿಸ್ ಕೊಡಬೇಕು ಎಂಬುದು ನನ್ನ ಬೇಡಿಕೆ.

ಈ ಕಾಯ್ದೆ ತಮ್ಮ ಇಲಾಖೆಯ ಮೇಜಿನ ಮೇಲೆ ದಿನವೂ ಇರುವಂಥದ್ದು. ಅದರಲ್ಲಿ ಏನಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ತನ್ನಲ್ಲಿ ವಿಕಲಚೇತನರಿಗೆ ಯಾವ ಹುದ್ದೆಗಳು ಹೊಂದುತ್ತವೆ, ಅವರನ್ನು ಹೇಗೆ ಆಯ್ಕೆ ಮಾಡಲಾಗುತ್ತದೆ, ಯಾವ ಸೌಲಭ್ಯ ಕೊಡಲಾಗುತ್ತದೆ, ಇದನ್ನೆಲ್ಲ ನೋಡಿಕೊಳ್ಳುವ ಸಂಪರ್ಕಾಧಿಕಾರಿ ಯಾರು ಎಂಬುದನ್ನು ಬರೆದು ಜಾಲತಾಣದಲ್ಲೋ, ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆಯೋ ಹಾಕಬೇಕು ಎಂದು ಅದರಡಿಯ 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಸಮಾನ ಅವಕಾಶ ನೀತಿ ಎಂದರೆ ಇದೇ. ಅಂಗಡಿಯವರು ಲೈಸೆನ್ಸನ್ನು ಗೋಡೆಗೆ ತೂಗುಹಾಕುತ್ತಾರಲ್ಲ, ಹಾಗೆ. ನಾವು ಹೋದ ಯಾವ ಕಚೇರಿಯ ಗೋಡೆಯ ಮೇಲೂ ಅಂಥ ಕಾಗದವನ್ನು ನಾನು ಕಂಡಿಲ್ಲ.

ಇನ್ನು ನಮ್ಮ ಅನುಭವ. ಮಗಳು ಅರ್ಜಿಯ ಮೊದಲ ಸಾಲಿನಲ್ಲೇ ತನಗೆ ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಮೆಸೇಜ್ ಅಥವಾ ಇಮೇಲ್ ಮಾಡಿ ಎಂದು ಬರೆಯುತ್ತಾಳೆ. ಆದರೂ ಅವರು ಫೋನೇ ಮಾಡುತ್ತಾರೆ. ನಾನು ಎತ್ತಿಕೊಂಡರೆ "ಅಭ್ಯರ್ಥಿಗೇ ಕೊಡಿ" ಎನ್ನುತ್ತಾರೆ. ಅವಳಿಗೆ ಕೇಳಿಸುವುದಿಲ್ಲ ಎಂದರೆ ಒಂದು ಕ್ಷಣ ಸುಮ್ಮನಿದ್ದು ಲೈನ್ ಕಟ್ ಮಾಡುತ್ತಾರೆ. ಒಂದು ಕಡೆಯಿಂದಂತೂ "ಕರೆಗೆ ಉತ್ತರಿಸದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ" ಎಂದೇ ಇಮೇಲ್ ಬಂತು. ಇಮೇಲ್ ಕಳಿಸಲು ಬರುತ್ತದೆಂದ ಮೇಲೆ ಆ ನಾಲ್ಕು ಪ್ರಶ್ನೆಗಳನ್ನೂ ಇಮೇಲಿನಲ್ಲೇ ಕೇಳಬಹುದಿತ್ತು ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲವೇ?

ಇದನ್ನೆಲ್ಲ ಸಹಿಸಿಕೊಂಡಿದ್ದೆವು. ಈ ಪತ್ರ ಬರೆಸಿದ್ದು ಇತ್ತೀಚಿನ ಒಂದು ಸಂದರ್ಶನ. ನಮ್ಮ ಊರಲ್ಲೇ ಕಚೇರಿಯಿರುವ ಖಾಸಗಿ ಕಂಪನಿಯೊಂದು ಲೆಕ್ಕಪತ್ರದ ಕೆಲಸಕ್ಕೆ ಅವಳನ್ನು ಕರೆದಿತ್ತು. ಸಂಜ್ಞಾ ಭಾಷೆಯ ದುಭಾಷಿ ಬೇಕೆಂದು ಮುಂಚೆಯೇ ಬರೆದು ಕೇಳಿದ್ದೆವು. "ಮನೆಯವರು ಯಾರಾದರೂ ಬನ್ನಿ" ಎಂದು ಉತ್ತರ ಬಂದಿದ್ದರಿಂದ ನಾನೇ ಹೋದೆ. ಒಳಗೆ ಕುಳಿತಿದ್ದ ಅಧಿಕಾರಿ ಮಗಳ ಮುಖವನ್ನೇ ನೋಡಲಿಲ್ಲ. ನನ್ನನ್ನು ಕೇಳಿದರು: "ಇವರ ಕೂಡ ದಿನಾ ನೀವೂ ಆಫೀಸಿಗೆ ಬರ್ತೀರೇನ್ರಿ?" ಅದರ ಅಗತ್ಯವಿಲ್ಲ, ಬರೆದು ತೋರಿಸಿದರೆ ಸಾಕು, ಚಾಟಿನಲ್ಲಿ ಹೇಳಿದರೆ ಸಾಕು ಎಂದೆ. ಅವರು ಫೈಲು ಮುಚ್ಚಿ ಹೇಳಿದ ಮಾತು ಇದು: "ಇಂಥಾವ್ರಿಗಂತನ ಬೆಂಗಳೂರಾಗ ಸಂಸ್ಥಾ ಅದಾವಲ್ರೀ, ಅಲ್ಲೇ ಕೇಳ್ರಿ."

ಪಕ್ಕದಲ್ಲಿ ಕುಳಿತಿದ್ದ ಮಗಳು ನನ್ನ ಮೊಣಕೈ ತಟ್ಟಿ, ಅವರು ಏನೆಂದರು ಎಂದು ಸನ್ನೆಯಲ್ಲಿ ಕೇಳಿದಳು. ದುಭಾಷಿಯ ಕೆಲಸಕ್ಕೆ ಬಂದವಳು ನಾನು, ಆ ಮಾತನ್ನು ನನ್ನ ಕೈಯಿಂದಲೇ ನನ್ನ ಮಗಳಿಗೆ ಹೇಳಬೇಕಾಯಿತು. ಅವಳು ಅಳಲಿಲ್ಲ. ಚೀಲದಿಂದ ನೋಟುಪುಸ್ತಕ ತೆಗೆದು, "ಇವತ್ತಿನ ವೋಚರುಗಳನ್ನು ಕೊಡಿ, ಟ್ಯಾಲಿಯಲ್ಲಿ ಹಾಕಿ ತೋರಿಸುತ್ತೇನೆ, ತಪ್ಪಿದ್ದರೆ ಹೇಳಿ" ಎಂದು ಬರೆದು ಮೇಜಿನ ಮೇಲೆ ಅವರತ್ತ ಸರಿಸಿದಳು. ಅವರು ಅದನ್ನು ಓದದೆ ಹಾಗೆಯೇ ವಾಪಸು ಸರಿಸಿದರು. ಮಾನ್ಯರೇ, ಸೂಕ್ತ ಅನುಕೂಲ ಕಲ್ಪಿಸಲು ನಿರಾಕರಿಸುವುದೂ ತಾರತಮ್ಯವೇ ಎಂದು ಇದೇ ಕಾಯ್ದೆ ಹೇಳುತ್ತದೆ. ಆ ಕೋಣೆಯಲ್ಲಿ ನಡೆದದ್ದಕ್ಕೆ ಬೇರೆ ಹೆಸರಿದ್ದರೆ ತಾವೇ ಹೇಳಬೇಕು.

ಆ ಅಧಿಕಾರಿ ಹೇಳಿದ ಸಂಸ್ಥೆಗಳು ಇರುವುದು ನಿಜ, ಅವುಗಳ ಬಗ್ಗೆ ನನಗೆ ಅಪಾರ ಗೌರವವಿದೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಇಂದಿಗೂ ತರಬೇತಿ ಕೊಡುತ್ತಿದೆ. 1999ರಿಂದ ಎನೇಬಲ್ ಇಂಡಿಯಾ ಅಭ್ಯರ್ಥಿಗಳನ್ನೂ ಕಂಪನಿಗಳನ್ನೂ ಒಟ್ಟಿಗೇ ಸಿದ್ಧಗೊಳಿಸುತ್ತ ಬಂದಿದೆ. ಪವಿತ್ರಾ ವೈ.ಎಸ್. ಅವರು 2006ರಲ್ಲಿ ಕಟ್ಟಿದ ವಿಂಧ್ಯಾ ಇ-ಇನ್ಫೋಮೀಡಿಯಾದ ಬಿಪಿಒದಲ್ಲಿ ಹೆಚ್ಚಿನ ಉದ್ಯೋಗಿಗಳು ವಿಕಲಚೇತನರೇ. ದೇಣಿಗೆಯ ಮೇಲೆ ನಡೆಯುವ ಆಶ್ರಮವಲ್ಲ ಅದು, ಗ್ರಾಹಕ ಕಂಪನಿಗಳಿಂದ ಕೆಲಸ ಪಡೆದು ಸಂಬಳ ಕೊಡುವ ಉದ್ಯಮ. ವಿಕಲಚೇತನರಿಗೆ ಕೆಲಸ ಕೊಡುವ ಮಿಟ್ಟಿ ಕೆಫೆ 2017ರಲ್ಲಿ ಶುರುವಾದದ್ದು ನಮ್ಮ ಹುಬ್ಬಳ್ಳಿಯ ಕಾಲೇಜು ಆವರಣದಲ್ಲೇ. 2023ರ ನವೆಂಬರಿನಲ್ಲಿ ಅದರ ಮಳಿಗೆ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು, ಉದ್ಘಾಟಿಸಿದವರು ಆಗಿನ ಮುಖ್ಯ ನ್ಯಾಯಮೂರ್ತಿಗಳು. ನಮ್ಮೂರಲ್ಲಿ ಮೊಳೆತದ್ದು ದೆಹಲಿಯವರೆಗೆ ಹೋಯಿತೆಂದು ನನಗೆ ಹೆಮ್ಮೆಯಿದೆ. ಅದೇ ಊರಲ್ಲಿ ನನ್ನ ಮಗಳಿಗೆ ಬೆಂಗಳೂರಿನ ದಾರಿ ತೋರಿಸುತ್ತಾರೆಂಬ ನೋವೂ ಇದೆ.

ಇಂಥ ಕಡೆಗಳಲ್ಲಿ ಮಾಡಿಕೊಳ್ಳುವ ಏರ್ಪಾಟುಗಳು ಭಾರೀ ಖರ್ಚಿನವೇನಲ್ಲ. ಸೂಚನೆಗಳನ್ನು ಬಾಯಲ್ಲಿ ಹೇಳುವ ಬದಲು ಬರೆದು ಕಳಿಸುವುದು, ಬೆಂಕಿಯ ಎಚ್ಚರಿಕೆಗೆ ಗಂಟೆಯ ಜೊತೆ ಮಿನುಗುವ ದೀಪ, ಜೊತೆಗಾರರು ದಿನನಿತ್ಯದ ಸನ್ನೆಗಳನ್ನು ಕಲಿಯುವುದು, ಮೀಟಿಂಗಿಗೆ ವೀಡಿಯೋ ಕರೆಯಲ್ಲಿ ಒಬ್ಬ ದುಭಾಷಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಈ ಸಂಸ್ಥೆಗಳಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಸಾಧ್ಯವಿಲ್ಲ? ಮನಸ್ಸಿದ್ದವರು ತಾವಾಗಿ ಮಾಡಿದರು, ಮನಸ್ಸಿಲ್ಲದವರನ್ನು ಕೇಳುವವರೇ ಇಲ್ಲ. ಒಳ್ಳೆಯವರು ಮಾಡಿದ ಕೆಲಸವೇ ಉಳಿದವರಿಗೆ ನೆಪವಾಗಿದೆ, ಮತ್ತು ಈ ಮಾತನ್ನು ನೊಂದೇ ಬರೆಯುತ್ತಿದ್ದೇನೆ, ಸರ್ಕಾರಕ್ಕೂ ಅದೇ ನೆಪವಾಗಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ನಾಲ್ಕಾರು ಸಂಸ್ಥೆಗಳು ಎಷ್ಟು ಜನರನ್ನು ಹೊತ್ತಾವು? ಪ್ರತಿವರ್ಷ ಡಿಸೆಂಬರ್ 3ರಂದು, ವಿಶ್ವ ವಿಕಲಚೇತನರ ದಿನದಂದು, ವೇದಿಕೆಯ ಮೇಲೆ ಇದೇ ಸಂಸ್ಥೆಗಳಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸುತ್ತೀರಿ. ಆ ಶಾಲುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅದೇ ದಿನ ಅದೇ ವೇದಿಕೆಯಿಂದ ಆ ಪಟ್ಟಿಯನ್ನೊಮ್ಮೆ ಓದಿಸಿ.

ಖಾಸಗಿಯವರನ್ನು ಬಲವಂತ ಮಾಡಲಾಗುವುದಿಲ್ಲ ಎಂಬ ಉತ್ತರ ಬರಬಹುದು. ಖಾಸಗಿ ವಲಯದಲ್ಲಿ ಕನಿಷ್ಠ ಶೇ. 5ರಷ್ಟು ಉದ್ಯೋಗ ವಿಕಲಚೇತನರಿಗೆ ಸಿಗಲೆಂದು ಪ್ರೋತ್ಸಾಹ ಕೊಡಿ ಎಂದಷ್ಟೇ 35ನೇ ಕಲಮು ಹೇಳುತ್ತದೆ, ಅದು ಮೀಸಲಾತಿಯಲ್ಲ ಎಂಬುದು ನನಗೂ ಗೊತ್ತು. ನಾನು ಕೇಳುತ್ತಿರುವುದು ಮೀಸಲಾತಿಯನ್ನಲ್ಲ. 21ನೇ ಕಲಮಿನ ನೀತಿ ಪ್ರೋತ್ಸಾಹದ ವಿಷಯವಲ್ಲ, ಕಡ್ಡಾಯ. 22ನೇ ಕಲಮಿನಂತೆ ಸಂಸ್ಥೆಗಳು ದಾಖಲೆ ಇಡಬೇಕು, ಸರ್ಕಾರ ಅಧಿಕಾರ ಕೊಟ್ಟವರು ಅದನ್ನು ಪರಿಶೀಲಿಸಬಹುದು. ನಮ್ಮ ಜಿಲ್ಲೆಯಲ್ಲಿ ಆ ಅಧಿಕಾರ ಯಾರಿಗೆ ಕೊಟ್ಟಿದ್ದೀರಿ, ಅವರು ಯಾವ ಕಂಪನಿಯ ಬಾಗಿಲು ತಟ್ಟಿದ್ದಾರೆ? ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡ ಹಾಕಬಹುದೆಂದು 89ನೇ ಕಲಮು ಹೇಳುತ್ತದೆ. ಈ ಕಲಮನ್ನು ಒಂದೇ ಒಂದು ಕಂಪನಿಯ ಮೇಲೆ ಪ್ರಯೋಗಿಸಿ ನೋಡಿ, ಉಳಿದವರ ಗೋಡೆಗಳ ಮೇಲೆ ನೀತಿಯ ಕಾಗದ ತಾನಾಗಿ ಬರುತ್ತದೆ.

ಆದ್ದರಿಂದ ಪಟ್ಟಿಯನ್ನು ಪ್ರಕಟಿಸಿ. ಜಿಲ್ಲಾವಾರು ಪ್ರಕಟಿಸಿ, ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಸಂಸ್ಥೆಯ ಸಂಪರ್ಕಾಧಿಕಾರಿಯ ಹೆಸರು ಮತ್ತು ಮೆಸೇಜ್ ಕಳಿಸಬಹುದಾದ ನಂಬರಿನ ಸಮೇತ ಪ್ರಕಟಿಸಿ. ಪಟ್ಟಿಯಲ್ಲಿ ಇಲ್ಲದವರಿಗೆ ನೋಟಿಸ್ ಕೊಡಿ. ಸರ್ಕಾರದಿಂದ ಭೂಮಿ, ರಿಯಾಯಿತಿ, ಟೆಂಡರ್ ಬಯಸುವ ಕಂಪನಿ ಮೊದಲು ಆ ಪಟ್ಟಿಯಲ್ಲಿ ತನ್ನ ಹೆಸರು ತೋರಿಸಲಿ ಎಂದು ಆದೇಶ ಹೊರಡಿಸಿ. ಬರುವ ಡಿಸೆಂಬರ್ 3ರೊಳಗೆ ಇದಾಗಬೇಕು. ಉತ್ತರವನ್ನು ನನಗೆ ಫೋನಿನಲ್ಲಿ ಹೇಳಬೇಡಿ, ಬರಹದಲ್ಲಿ ಕೊಡಿ. ಅದನ್ನು ನನ್ನ ಮಗಳೂ ಓದಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಪ್ರತಿ: ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರು, ಬೆಂಗಳೂರು