ಲೇಬಲ್ ಮೇಲಿನ ಸಣ್ಣಕ್ಷರ

ಪ್ರೀತಿಯ ಪುಟ್ಟಿ,

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ತನ್ನ ಹಾಡುಗಳನ್ನು ತಾನೇ ಬರೀತಿದ್ದನಾ ಅಂತ ಕೇಳಿದ್ದೆ. ಫೋನಿನಲ್ಲಿ ಇಲ್ಲ ಅಂದು ಮುಗಿಸಿಬಿಟ್ಟೆ. ಅಷ್ಟಕ್ಕೇ ಬಿಡೋ ವಿಷಯ ಅಲ್ಲ ಅದು, ಅದಕ್ಕೇ ಬರೀತಿದ್ದೇನೆ.

ಓಟಿಸ್ ಬ್ಲ್ಯಾಕ್‌ವೆಲ್ ಅಂತ ಒಬ್ಬ ಇದ್ದ, ಎಲ್ವಿಸ್‌ಗೆ ಹಾಡು ಬರೆದವರಲ್ಲೊಬ್ಬ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ. ಆದರೆ ಅವನಿಗೆ ಹುಚ್ಚು ಹಿಡಿಸಿದ್ದು ಕೌಬಾಯ್ ಹಾಡು. ಸಿನಿಮಾದಲ್ಲಿ ಕುದುರೆ ಏರಿ ಹಾಡೋ ಟೆಕ್ಸ್ ರಿಟರ್ ಅಂದರೆ ಪ್ರಾಣ. ಹೊಟ್ಟೆಪಾಡಿಗೆ ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ. 1955ರ ಡಿಸೆಂಬರ್ 24. ಬೆಳಗಾದರೆ ಕ್ರಿಸ್ಮಸ್, ಕೈಯಲ್ಲಿ ಕಾಸಿಲ್ಲ. ಅವತ್ತು ಆರು ಹಾಡುಗಳನ್ನು ಒಂದು ಮ್ಯೂಸಿಕ್ ಕಂಪನಿಗೆ ಒಂದಕ್ಕೆ 25 ಡಾಲರಿನಂತೆ ಕೊಟ್ಟುಬಿಟ್ಟ. ಅದರಲ್ಲೊಂದು 'ಡೋಂಟ್ ಬಿ ಕ್ರೂಯೆಲ್'.

ಮುಂದಿನ ಜುಲೈನಲ್ಲಿ ಎಲ್ವಿಸ್ ಅದನ್ನು ಹಾಡಿದ. ಗ್ರಾಮಫೋನ್ ತಟ್ಟೆಯ ಇನ್ನೊಂದು ಬದಿಗೆ 'ಹೌಂಡ್ ಡಾಗ್'. 11 ವಾರ ಅಮೆರಿಕದಲ್ಲಿ ನಂಬರ್ ಒನ್! ಆದರೆ ಹಾಡಿಸೋ ಮುಂಚೆ ಎಲ್ವಿಸ್ ಕಡೆಯವರು ಒಂದು ಷರತ್ತು ಹಾಕಿದ್ದರು: ಬರೆದವರ ಪಾಲಿನಲ್ಲಿ ಅರ್ಧ ನಮಗೆ, ಹೆಸರೂ ಜೊತೆಗೆ. ಹಾಗಾಗಿ ತಟ್ಟೆಯ ಲೇಬಲ್ ಮೇಲೆ ಹಾಡು ಬರೆದವರು ಇಬ್ಬರು ಅಂತಾಯಿತು. ಎಲ್ವಿಸ್ ಒಂದಕ್ಷರವನ್ನೂ ಬರೆದಿರಲಿಲ್ಲ. ಬ್ಲ್ಯಾಕ್‌ವೆಲ್ ಒಪ್ಪಿಕೊಂಡ. ಅವನನ್ನು ಪಾಪ ಅನ್ನೋದಕ್ಕೆ ನನಗೆ ಮನಸ್ಸಿಲ್ಲ ಕಣೆ. ಬರೆದಿಟ್ಟ ಹಾಡು ಪೆಟ್ಟಿಗೆಯಲ್ಲಿದ್ದರೆ ಪೂರ್ತಿ ಪಾಲೂ ಸೊನ್ನೆಯೇ ಅಂತ ಅವನಿಗೆ ಗೊತ್ತಿತ್ತು. ಆಮೇಲೆ ರಾಯಲ್ಟಿ ಬರುತ್ತಲೇ ಇತ್ತು. ನನಗೆ ಸಿಟ್ಟು ಬರೋದು ಆ ಷರತ್ತು ಹಾಕಿದವರ ಮೇಲೆ.

ಮರುವರ್ಷ 'ಆಲ್ ಶುಕ್ ಅಪ್'. ಮ್ಯೂಸಿಕ್ ಕಂಪನಿಯವನೊಬ್ಬ ಪೆಪ್ಸಿ ಬಾಟಲಿ ಅಲ್ಲಾಡಿಸುತ್ತಾ ಬಂದು, ಇದರ ಮೇಲೆ ಒಂದು ಹಾಡು ಬರಿ ಅಂದನಂತೆ. ಬರೆದ! ಎರಡು ನಿಮಿಷವೂ ಇಲ್ಲದ ಹಾಡು, ಅದೂ ನಂಬರ್ ಒನ್. ಅದೇ ವರ್ಷ ಜೆರ್ರಿ ಲೀ ಲೂಯಿಸ್ ಪಿಯಾನೊ ಚಚ್ಚಿ ಹಾಡಿದ 'ಗ್ರೇಟ್ ಬಾಲ್ಸ್ ಆಫ್ ಫೈರ್'ನಲ್ಲೂ ಇವನ ಕೈಯಿದೆ. 1962ರ 'ರಿಟರ್ನ್ ಟು ಸೆಂಡರ್' ವಿನ್‌ಫೀಲ್ಡ್ ಸ್ಕಾಟ್ ಜೊತೆ ಬರೆದದ್ದು. ಅಷ್ಟು ಹೊತ್ತಿಗೆ ಬರೆದವರ ಸಾಲಿನಲ್ಲಿ ಎಲ್ವಿಸ್ ಹೆಸರಿಲ್ಲ ನೋಡು.

ನಿನಗಿಷ್ಟವಾದ 'ಫೀವರ್' ಇದೆಯಲ್ಲ, ಪೆಗ್ಗಿ ಲೀ ಚಿಟಿಕೆ ಸದ್ದಿನ ಜೊತೆ ಹಾಡಿದ್ದು? 1956ರಲ್ಲೇ ಲಿಟಲ್ ವಿಲ್ಲೀ ಜಾನ್ ಅದನ್ನು ಹಾಡಿದ್ದ. ಬರೆದವರು ಎಡ್ಡಿ ಕೂಲಿ ಮತ್ತು ಜಾನ್ ಡೇವನ್‌ಪೋರ್ಟ್ ಅಂತ ಇರುತ್ತೆ. ಈ ಡೇವನ್‌ಪೋರ್ಟ್ ನಮ್ಮ ಬ್ಲ್ಯಾಕ್‌ವೆಲ್ಲೇ! ಬೇರೆ ಕಂಪನಿಯ ಜೊತೆ ಕರಾರಿದ್ದದ್ದರಿಂದ ಮಲತಂದೆಯ ಹೆಸರು ಹಾಕಿದ. ಒಂದು ಹಾಡಿನಲ್ಲಿ ಅರ್ಧ ಹೆಸರು ಕೊಟ್ಟ, ಇನ್ನೊಂದರಲ್ಲಿ ತಾನೇ ಬಚ್ಚಿಟ್ಟ.

ಆ ಜಾಹೀರಾತಿನ ಸಾಲು ನಿನ್ನದು, ಹೆಸರು ಬೇರೆ ಯಾರದೋ ಬಂತು ಅಂತ ನೀನು ಅತ್ತದ್ದು ಅಮ್ಮ ಹೇಳಿದಳು. ನೀನು ಅತ್ತದ್ದು ಸರಿಯಾಗೇ ಇದೆ. ಆದರೆ ಮುಂದಿನ ಸಲ ಕೆಲಸಕ್ಕೆ ಮುಂಚೆ ಒಂದು ಮೇಲ್ ಹಾಕು: ಇಷ್ಟು ದುಡ್ಡು, ಹೆಸರು ಹೀಗೆ ಬರಬೇಕು ಅಂತ. ಹೆಸರು ಬಿಡಲೇಬೇಕು ಅಂದರೆ ದುಡ್ಡು ಜಾಸ್ತಿ ಕೇಳು. ಸುಮ್ನೆ ಬಿಡಬೇಡ.

ಇನ್ನೊಂದು ಮಜಾ ಹೇಳಲೇಬೇಕು. ನಮ್ಮ ಸಿನಿಮಾದವರು ಟ್ರ್ಯಾಕ್ ಹಾಡಿಸ್ತಾರಲ್ಲ, ಹಾಗೆ ಬ್ಲ್ಯಾಕ್‌ವೆಲ್ ಪ್ರತಿ ಹಾಡನ್ನೂ ಮೊದಲು ತಾನೇ ಹಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಎಲ್ವಿಸ್ ಅದನ್ನು ಕೇಳಿ ಕೇಳಿ ಕಲಿಯುತ್ತಿದ್ದ. ಪದವನ್ನು ಅರ್ಧ ನುಂಗೋದು, ದನಿಯನ್ನು ತಟ್ಟನೆ ತಡೆದು ಬಿಡೋದು, ಇದೆಲ್ಲ ಎಷ್ಟು ಅವನದು, ಎಷ್ಟು ಇವನದು ಅಂತ ಜನ ಇನ್ನೂ ವಾದ ಮಾಡ್ತಾರೆ. ಇಬ್ಬರೂ ಒಂದು ಸಲವೂ ಭೇಟಿಯಾಗಲಿಲ್ಲ. ಅದನ್ನು ಬ್ಲ್ಯಾಕ್‌ವೆಲ್ಲೇ ಹೇಳಿದ್ದಾನೆ.

1991ರಲ್ಲಿ ಪಾರ್ಶ್ವವಾಯು ಹೊಡೆದು ಮಾತು ಹೋಯಿತು. 2002ರಲ್ಲಿ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿದ್ದು 2010ರಲ್ಲಿ.

ಬಿಡುವಾದಾಗ 1953ರಲ್ಲಿ ಅವನೇ ಹಾಡಿದ 'ಡ್ಯಾಡಿ ರೋಲಿಂಗ್ ಸ್ಟೋನ್' ಹುಡುಕಿ ಕೇಳು. ಆಗಿನ್ನೂ ಎಲ್ವಿಸ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದು ಮುಗಿದ ಕೂಡಲೇ 'ಡೋಂಟ್ ಬಿ ಕ್ರೂಯೆಲ್' ಹಾಕು. ಇಯರ್‌ಫೋನ್ ಹಾಕಿಕೊಂಡೇ ಕೇಳು, ಮೊಬೈಲ್ ಸ್ಪೀಕರಿನಲ್ಲಿ ಬೇಡ. ಯಾರ ದನಿ ಎಲ್ಲಿದೆ ಅಂತ ನಿನಗೆ ಅನಿಸಿದ್ದನ್ನು ನನಗೆ ಬರೆದು ಕಳಿಸು.

ನಿನ್ನ
ಅಪ್ಪ